ಕೆಂಪು ಬಾಲ, ಕಡ್ಡಿಪೆಟ್ಟಿಗೆ

ಉಗಾರ ಖುರ್ದ, ಬೆಳಗಿನ ಹತ್ತು ಗಂಟೆ. ಅಪರೂಪದ ಹಾವುರಾಣಿಗಳನ್ನು ಹುಡುಕಿ ಪಟ್ಟಿ ಮಾಡಲು ಬಂದವನು ಜಿನ್ನಪ್ಪನವರ ಹೊಲದ ಬದುವಿನ ಮೇಲೆ ಕೂತಿದ್ದೇನೆ. ಕಬ್ಬು ಕಡಿದಾಗಿದೆ. ಒಣಗಿದ ಎಲೆ, ಇಲ್ಲಿಯವರು ರವದಿ ಅನ್ನುವುದು, ಹೊಲದ ತುಂಬ ದಪ್ಪಗೆ ಹಾಸಿಕೊಂಡಿದೆ. ಸುತ್ತಲಿನವರೆಲ್ಲ ಸುಟ್ಟು ಮುಗಿಸಿದ್ದಾರೆ. ಜಿನ್ನಪ್ಪ ಮಾತ್ರ ಕಡ್ಡಿಪೆಟ್ಟಿಗೆ ಹಿಡಿದು ಕಾಯುತ್ತಿದ್ದಾರೆ.

“ಬಿಸಲು ಏರಲ್ರಿ ಸರ. ಒಳಗಿನ ಹುಳಹುಪ್ಪಡಿ ಎದ್ದು ಹೊರಗ ಹೋಗಲಿ. ಆಮ್ಯಾಲ ಹಚ್ಚೂಣು.”

ಸ್ವಲ್ಪ ಹೊತ್ತಿಗೆ ಎದ್ದು, ಕೋಲಿನಿಂದ ರವದಿಯನ್ನು ಮೆಲ್ಲಗೆ ತಟ್ಟುತ್ತ ಹೊಲವನ್ನು ಒಂದು ಸುತ್ತು ಹಾಕಿದರು, ಮಲಗಿದ ಮೊಮ್ಮಕ್ಕಳನ್ನು ಎಬ್ಬಿಸುವ ಹಾಗೆ.

ಅವರ ಹೆಂಡತಿ ಪದ್ಮಕ್ಕ ಚಹಾ ತಂದರು. “ವರ್ಷಾ ವರ್ಷಾ ಇವರದು ಇದ ಹಾಡರಿ. ನಾಳೆ ನೀರಿನ ಪಾಳಿ ಐತಿ. ಇವತ್ತ ಸುಡಲಿಲ್ಲಂದ್ರ ಇಷ್ಟೂ ಕೈಲೆ ಎತ್ತಬೇಕು.”

ಆಗ ನನ್ನ ಚಪ್ಪಲಿಯ ಪಕ್ಕ ರವದಿ ಅಲುಗಿತು. ಐದು ದಿನ ಕಾಗವಾಡ, ಅಥಣಿ ಎಲ್ಲ ಸುತ್ತಿದರೂ ಸಿಗದಿದ್ದ ಹಾವುರಾಣಿ. ಕಡ್ಡಿಯಂಥ ಪುಟ್ಟ ಕಾಲು, ಕೆಂಪು ಬಾಲ. ಇಣುಕಿ ನೋಡಿತು, ಬಿಸಿಲು ಸೇರಲಿಲ್ಲವೇನೋ, ತಿರುಗಿ ಒಳಗೇ ಸರಿಯಿತು.

ನಾನು ಕ್ಯಾಮೆರಾ ತೆಗೆಯುವಷ್ಟರಲ್ಲಿ ಜಿನ್ನಪ್ಪ ಕಡ್ಡಿಪೆಟ್ಟಿಗೆಯನ್ನು ಜೇಬಿಗೆ ಹಾಕಿಕೊಂಡಿದ್ದರು.

ಪದ್ಮಕ್ಕ ಸೆರಗು ಸೊಂಟಕ್ಕೆ ಸಿಕ್ಕಿಸಿ ಹೊಲಕ್ಕಿಳಿದರು, ಒಂದು ತೆಕ್ಕೆ ರವದಿ ಎತ್ತಿ ನನ್ನ ಕಡೆ ತಿರುಗಿದರು.

“ನೀವೂ ಬರ್ರಿ ಸರ. ಕಾಲು ನೋಡಿ ಇಡ್ರಿ, ಒಳಗ ಮಂದಿ ಅದಾರ.”