ಒಲ್ಲೆ ಅಂದ ಅಕ್ಕನಿಗೆ ಎಳ್ಳುಂಡಿ

ಈ ನಾಗರಪಂಚಮಿಗೆ ನಮ್ಮ ಮನೆಯಲ್ಲಿ ದೊಡ್ಡ ಗೆಲುವಾಯಿತು. ಗೆದ್ದವಳು ನನ್ನ ಮೊಮ್ಮಗಳು. ಇನ್ನೂ ಹಾಲುಹಲ್ಲು ಬಿದ್ದಿಲ್ಲ, ಈಗಷ್ಟೇ ಒಂದನೇ ಕ್ಲಾಸಿಗೆ ಹೊಂಟಾಳೆ. ಹತ್ತಿಮತ್ತೂರಿನ ಚಹಾದಂಗಡಿಯಲ್ಲಿ ಈ ಸುದ್ದಿ ಎಷ್ಟು ಮಂದಿಗೆ ಹೇಳಿದೆನೋ, ಅಂಗಡಿಯವನೇ "ಯಜಮಾನ್ರ, ಸಾಕ್ ಬಿಡ್ರಿ, ನಂಗೂ ಬಾಯಿಪಾಠ ಆಗೇತಿ" ಅಂದುಬಿಟ್ಟ. ಬರೆದರೆ ಯಾರೂ ಬಾಯಿ ಮುಚ್ಚಿಸಲಾರರು ಅಂತ ಬರೆಯಾಕತ್ತೇನಿ.

ಹೋದ ವರ್ಷದ ಮಾತು. ದುಂಡಸಿ ಊರಿಗೆ ಕೊಟ್ಟ ನನ್ನ ಅಕ್ಕ ಒಂದು ಮಧ್ಯಾಹ್ನ ಬಂದಳು. ಈ ಹುಡುಗಿ ಯಾರೂ ಹೇಳದೆ ತಾನೇ ತಾಟಿನ ತುಂಬ ಸವಣೂರು ಖಾರಾ ತಂದು ಮುಂದೆ ಹಿಡಿದಳು. ಅಕ್ಕ ರೀತಿಯಂತೆ "ಒಲ್ಲೆವ್ವಾ, ಈಗ ಉಂಡ ಬಂದೇನಿ" ಅಂದಳು. ನಮ್ಮಲ್ಲಿ ಮೊದಲ ಸಲ ಕೊಟ್ಟಾಗ ಯಾರು ತಗೋತಾರೆ? ಹಸಿದು ಕಣ್ಣಿಗೆ ಕತ್ತಲೆ ಬಂದರೂ ಬಂದವರು ಮೊದಲು ಒಲ್ಲೆ ಅನ್ನಬೇಕು, ಮನೆಯವರು "ಅಯ್ಯ, ಹಂಗಂದ್ರ ಹೆಂಗರಿ" ಅಂತ ಒತ್ತಾಯ ಮಾಡಬೇಕು, ಆಮೇಲೆ ಕೈ ಮುಂದೆ ಬರಬೇಕು. ಹುಡುಗಿಗೆ ಇದೆಲ್ಲಿ ಗೊತ್ತು? "ಹಂಗಾರ ಬಿಡ್ರಿ" ಅಂದವಳೇ ತಾಟು ವಾಪಸ್ ತಗೊಂಡು, ಹೊಸ್ತಿಲ ಹತ್ತಿರ ಕೂತು, ಅಕ್ಕ ನೋಡುತ್ತಿದ್ದಂತೆ ಕುರುಂ ಕುರುಂ ತಿಂದಳು.

ಸೊಸೆ ಓಡಿ ಬಂದು ಬೇರೆ ತಾಟು ಇಟ್ಟಳು. ಅಕ್ಕ ಮುಟ್ಟಲಿಲ್ಲ. "ತವರುಮನ್ಯಾಗ ಕೊಟ್ಟ ತಾಟು ಕಸಗೊಂಡ್ರು" ಅಂತ ಎದ್ದು ಹೋದವಳು ಮತ್ತೆ ಬರಲೇ ಇಲ್ಲ. ಫೋನ್ ಮಾಡಿದರೆ "ಅರಾಮ ಅದೇನಿ", ಇಷ್ಟೇ ಮಾತು. ಅವ್ವ ಅಪ್ಪ ಹೋದ ಮೇಲೆ ನನಗೆ ಉಳಿದ ಹಿರಿಯರೆಂದರೆ ಅಕ್ಕ ಒಬ್ಬಳೇ. ಪಂಚಮಿಗೆ ಅವಳು ಬಂದು ಉಣ್ಣದಿದ್ದರೆ ಅದು ಅವಳಿಗೆ ತವರುಮನೆ ಹೇಗಾದೀತು?

ಸೊಸೆ ಮಗಳಿಗೆ ಬೈಯಲು ಹೋದಳು. ನಾನು ಬೇಡ ಅಂದೆ. ತಾನಾಗಿ ತಂದು ಕೊಟ್ಟ ಕೈ ಅದು, ಬೈದರೆ ಮುಂದೆ ಯಾರಿಗೂ ಏನೂ ಕೊಡಲಿಕ್ಕಿಲ್ಲ. ಸಾಲಿ ಅರ್ಧಕ್ಕೇ ಬಿಟ್ಟ ನಾನು ಮಾಸ್ತರನಾಗಿ ಕೂತೆ. ಈ ಸಲದ ಪಂಚಮಿ ಹತ್ತಿರ ಬಂದಂತೆ, ಎಲೆಬಳ್ಳಿ ತೋಟದಿಂದ ಬಂದು ಕೈಕಾಲು ತೊಳೆದ ಮೇಲೆ ದಿನಾ ಪಾಠ. ನಾನು ಬಂದ ಬೀಗ, ಅವಳು ಮನೆಯ ಯಜಮಾನತಿ.

"ಒಲ್ಲೆರಿ, ಈಗ ಉಂಡ ಬಂದೇನಿ" ಅಂದೆ.

"ಅಜ್ಜಾ, ನೀ ಉಂಡೇ ಇಲ್ಲಲ್ಲ! ಸುಳ್ಳ ಯಾಕ ಹೇಳ್ತಿ?"

"ಸುಳ್ಳಲ್ಲವ್ವಾ, ಅದು ಮರ್ಯಾದಿ. ನೀ ಮನಸಿನಿಂದ ಕೊಡಾಕತ್ತಿಯೋ, ಬಾಯಿಮಾತಿಗೆ ಕೊಡಾಕತ್ತಿಯೋ ಅಂತ ನೋಡ್ತಾರ."

"ಒಲ್ಲೆ ಅಂದವರಿಗೆ ಕಾಡಬಾರ್ದು ಅಂತ ಟೀಚರ್ ಹೇಳ್ಯಾರ."

ಟೀಚರೂ ಖರೇನೇ ಹೇಳಿದ್ದರು. ಒಳಗಿನಿಂದ ನನ್ನ ಹೆಂಡತಿ "ಈಗ ಹೇಳ್ರಿ ಮಾಸ್ತರ!" ಅಂತ ನಕ್ಕಳು. ಕಡೆಗೆ ಅವಳೇ ದಾರಿ ತೋರಿಸಿದಳು. "ಖರೇನ ಬ್ಯಾಡ ಅನ್ನೋರು ತಾಟಿನ ಮ್ಯಾಲೆ ಕೈ ಅಡ್ಡ ಹಿಡಿತಾರವ್ವ. ಆವಾಗ ಬಿಟ್ಟಬಿಡು. ಕೈ ಸುಮ್ನ ತೊಡಿ ಮ್ಯಾಲಿದ್ರ ಇನ್ನೊಮ್ಮೆ ಹೇಳು."

ಪಂಚಮಿಯ ಮುಂಜಾನೆ ನಾನೇ ದುಂಡಸಿಗೆ ಹೋಗಿ ಅಕ್ಕನನ್ನು ಕೈ ಹಿಡಿದು ಎಬ್ಬಿಸಿಕೊಂಡು ಬಂದೆ. "ಮಾರಿ ತೋರಿಸಿ ಹೊಳ್ಳಿ ಬರ್ತೇನಿ, ನೀರ ಸೈತ ಮುಟ್ಟೂದಿಲ್ಲ" ಅಂತ ಮೊದಲೇ ಹೇಳಿದ್ದಳು.

ಪಡಸಾಲೆಯಲ್ಲಿ ಗೋಡೆಗೆ ಒರಗಿ ಕೂತಳು. ಹುಡುಗಿ ತಂಬಿಗೆಯನ್ನು ಎರಡೂ ಕೈಯಲ್ಲಿ ಹಿಡಿದು ತಂದಳು, ಅರ್ಧ ನೀರು ನೆಲಕ್ಕೆ. ಆಮೇಲೆ ತಾಟು ಬಂತು: ಎಳ್ಳುಂಡಿ, ಶೇಂಗಾ ಉಂಡಿ, ಒಗ್ಗರಣೆ ಹಾಕಿದ ಜೋಳದ ಅಳ್ಳು.

"ತಗೋರಿ ಅಜ್ಜಿ."

"ಒಲ್ಲೆವ್ವ."

ಬಾಗಿಲ ಹಿಂದಿನಿಂದ ಸೊಸೆ ಇಣುಕುತ್ತಿದ್ದಳು. ನಾನು ಕಂಬ ಹಿಡಿದುಕೊಂಡೆ. ಕಲಿಸಿದ ಮಾತು ಒಂದೂ ಹುಡುಗಿಯ ಬಾಯಿಗೆ ಬರಲಿಲ್ಲ. ತಾಟು ಕೆಳಗಿಟ್ಟು ಅಕ್ಕನ ಎದುರಿಗೇ ಚಕ್ಕಳಮಕ್ಕಳ ಹಾಕಿ ಕೂತಳು.

"ಹ್ವಾದ ವರ್ಷ ನಾ ಸಣ್ಣಾಕಿ ಇದ್ನಿರಿ. ನೀವು ಒಲ್ಲೆ ಅಂದಿದ್ದು ಖರೇ ಅನ್ಕೊಂಡೆ. ಈಗ ದೊಡ್ಡಾಕಿ ಆಗೇನಿ. ತಗೋರಿ."

ಅಕ್ಕನ ತುಟಿ ಅಲುಗಿತು. ಆದರೂ ಹಟ. "ಒಲ್ಲೆ ಅಂದೆನಲ್ಲ."

ಹುಡುಗಿ ಬಗ್ಗಿ ಅಕ್ಕನ ಕೈ ನೋಡಿದಳು. ಕೈ ತೊಡೆಯ ಮೇಲೇ ಇತ್ತು. "ಕೈ ಅಡ್ಡ ಹಿಡದೇ ಇಲ್ಲ ನೀವು! ಅಜ್ಜಾ, ಇದು ಖರೇ ಒಲ್ಲೆ ಅಲ್ಲ!" ಅಂತ ಓಣಿಗೆಲ್ಲ ಕೇಳುವಂತೆ ಕೂಗಿ, ಎಳ್ಳುಂಡಿಯನ್ನು ಎತ್ತಿ ಅಕ್ಕನ ಬಾಯಿಗೇ ಹಿಡಿದಳು.

ನಗಲು ಅಕ್ಕ ಬಾಯಿ ತೆರೆದಳು, ಉಂಡಿ ಒಳಗೆ! ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತ ಅಗಿದಳು. "ಎಲಾ ಇಕಿನ! ತಮ್ಮಾ, ಮನ್ಯಾಗ ಇದೇನ ವಕೀಲಗಿತ್ತಿನ್ನ ಸಾಕಿಯೋ?" ಅಂದಳು. ಇನ್ನೊಂದು ಉಂಡಿ ತಾನೇ ಎತ್ತಿಕೊಂಡಳು. "ಬೆಲ್ಲ ಕಡಿಮಿ ಆಗೇತಿ" ಅಂತ ಸೊಸೆಗೆ ಕುಂದು ಹೇಳಲೂ ಮರೆಯಲಿಲ್ಲ. ಸೊಸೆಗೆ ಆ ಕುಂದೇ ಹಬ್ಬವಾಯಿತು. ಪರರ ಮನೆಯ ಉಂಡಿಗೆ ಯಾರು ತಪ್ಪು ತೆಗೀತಾರೆ?

ನನಗೋ ಎದೆಯಲ್ಲಿ ಹಲಗೆ ಬಾರಿಸಿದಂತಾಗಿ ನಿಂತಲ್ಲಿ ನಿಲ್ಲಲಾಗದೆ ಅಂಗಳಕ್ಕೆ ಬಂದೆ. ಒಳಗೆ ಅಕ್ಕ ಹುಡುಗಿಯನ್ನು ತೊಡೆಯ ಮೇಲೆ ಕೂರಿಸಿಕೊಂಡು ಕೇಳುತ್ತಿದ್ದಳು:

"ನಾಳೆ ಮುಂಜಾನಿ ನಾಷ್ಟಾಕ್ಕ ಏನ ಮಾಡ್ತೀರವ್ವಾ?"