ಲಕ್ಷ್ಮೀಕಾಂತನಿಗೆ ಇಟ್ಟ ಎಡೆ

ದಮಯಂತಿಗೆ ಅಳಲೂ ತ್ರಾಣವಿರಲಿಲ್ಲ. ಮುಂಬಯಿ ಹತ್ತಿರದ ದಿವಾ ಊರಿನ ಬಾಡಿಗೆ ಕೋಣೆಯಲ್ಲಿ ತಮ್ಮ ಲಕ್ಷ್ಮೀಕಾಂತ ನಿದ್ದೆಯಲ್ಲೇ ಹೋಗಿದ್ದ. ಇವತ್ತು ಅವನ ಬೊಜ್ಜ, ಹದಿಮೂರನೆಯ ದಿನದ ಊಟ. ಡೊಂಬಿವಲಿಯ ಅವಳ ಬಿಲ್ಡಿಂಗಿನ ಟೆರೇಸಿನಲ್ಲಿ ಅಡಿಗೆ ಬೆಂದಿತ್ತು. ಮೊದಲು ಕಾಗೆಗೆ ಎಡೆ ಇಡಬೇಕು. ಅದು ಮುಟ್ಟದೆ ಯಾರೂ ಉಣ್ಣುವ ಹಾಗಿಲ್ಲ. ಸತ್ತವನಿಗೆ ಆಸೆ ಏನಾದರೂ ಉಳಿದಿದ್ದರೆ ಕಾಗೆ ಹತ್ತಿರ ಸುಳಿಯುವುದಿಲ್ಲ. ಆಗ ಅದನ್ನು ನಡೆಸಿಕೊಡುತ್ತೇವೆಂದು ಮನೆಯವರು ಮಾತು ಕೊಡಬೇಕು.

"ಇವತ್ತು ಊಟ ಸಂಜೆಗೇ," ಎಂದ ಗಂಡ ಗುರುವಪ್ಪ. ಕಲ್ಯಾಣದಲ್ಲಿ ಹೋಟೆಲು ನಡೆಸುವವನಾದರೂ ತನ್ನ ಹಸಿವು ತಡೆಯಲಾರದ ಮನುಷ್ಯ. "ನಿನ್ನ ತಮ್ಮನ ಆಸೆ ಒಂದಾ ಎರಡಾ ಮಾರಾಯ್ತಿ!"

ಎಂಥ ಆಸಾಮಿಯಪ್ಪಾ ಅವನು! ತಾನುಂಟೋ ಮೂರು ಲೋಕವುಂಟೋ ಎಂಬಂತೆ ಬದುಕಿದವ. ಭಾವನ ಹೋಟೆಲಿನ ಗಲ್ಲಾಪೆಟ್ಟಿಗೆಯ ಮುಂದೆ ಕೂರಿಸಿದರೆ ದೋಸೆಯ ಸಟ್ಟುಗ ಎತ್ತಿಕೊಂಡು ಹೋಗಿ ಗಿಟಾರಿನ ತಂತಿ ಕೆರೆದ. ರಾಕ್ ಸಂಗೀತವಂತೆ! ಭಿವಂಡಿಯ ವಿದ್ಯುತ್ ಮಗ್ಗಗಳ ನಡುವೆ ಕೂತು, ಆ ಖಟಖಟಕ್ಕೆ ಗಿಟಾರು ಕಿರುಚಿಸಿ ರೆಕಾರ್ಡ್ ಮಾಡಿದ. ಕನ್ನಡ ಸಂಘದ ವಾರ್ಷಿಕೋತ್ಸವಕ್ಕೆ ಒಂದು ಭಾವಗೀತೆ ನುಡಿಸು ಎಂದರೆ, ಸಭೆಗೆ ಬೆನ್ನು ಹಾಕಿ ಅದನ್ನೇ ಶುರು ಮಾಡಿದ. ಅಜ್ಜಿಯಂದಿರು ಕಿವಿ ಮುಚ್ಚಿಕೊಂಡರು. ಯಾರೋ ಮೈಕಿನ ವಯರು ಕಿತ್ತರು. "ಕತ್ತೆಗೇನು ಗೊತ್ತು ಕಸ್ತೂರಿ ಪರಿಮಳ!" ಎಂದು ನಗುತ್ತ ಇಳಿದು, ಅವರದೇ ಪಂಕ್ತಿಯಲ್ಲಿ ಕೂತು ಎರಡು ಸಲ ಪಾಯಸ ಹಾಕಿಸಿಕೊಂಡ. ಮಾನ ಹೋದದ್ದು ದಮಯಂತಿಯದು.

ಭಾನುವಾರ ಮನೆಗೆ ಬಂದವನೇ ಫೋನು ಚಾಚುತ್ತಿದ್ದ. "ಅಕ್ಕಾ, ಇದೊಂದು ಪೂರ್ತಿ ಕೇಳು."

"ಆಮೇಲೆ ಕೇಳ್ತೇನೆ. ತಲೆ ತಿನ್ಬೇಡ, ಮೊದಲು ಉಣ್ಣು."

ವಾರವಿಡೀ ಲೋಕಲ್ ರೈಲಿನಲ್ಲಿ ಜಜ್ಜಿಹೋಗುವವಳಿಗೆ ಇರುವ ಗದ್ದಲವೇ ಸಾಕಾಗಿತ್ತು. ಅವನೂ ಮುಖ ಸಣ್ಣ ಮಾಡುತ್ತಿರಲಿಲ್ಲ, ಉಂಡು ಹೋಗುತ್ತಿದ್ದ. ಬರಬರುತ್ತ ಫೋನು ಚಾಚುವುದನ್ನೇ ಬಿಟ್ಟಿದ್ದ.

ಆ ಮಗ್ಗದ ರೆಕಾರ್ಡನ್ನು ಈಗ ಮಗಳು ಪ್ರೇಕ್ಷಾ ಅಮ್ಮನ ಫೋನಿಗೆ ಹಾಕಿಕೊಟ್ಟಿದ್ದಳು. ದಮಯಂತಿ ಇನ್ನೂ ಕೇಳಿರಲಿಲ್ಲ. ಕಾಗೆ ಬರುವುದಿಲ್ಲ ಎಂಬುದು ಅವಳಿಗೆ ಖಾತ್ರಿಯಿತ್ತು. ಎಲ್ಲರೂ ಏನೇನೋ ಹೇಳಿ ಸೋತ ಮೇಲೆ ತಾನು ಮುಂದೆ ಹೋಗಿ, ನಿನ್ನದನ್ನು ಪೂರ್ತಿ ಕೇಳುತ್ತೇನೆ ತಮ್ಮಾ, ಎನ್ನಬೇಕು. ಆಗ ಬಂದೇ ಬರುತ್ತದೆ. ಇಷ್ಟು ದಿನ ಆ ಒಂದು ಮಾತು ಹಿಡಿದುಕೊಂಡೇ ಅವಳು ಬಿದ್ದುಹೋಗದೆ ನಿಂತಿದ್ದಳು.

ಎಡೆ ಇಟ್ಟ ಕೈ ಹಿಂದೆ ತೆಗೆದಿರಲಿಲ್ಲ, ನೀರಿನ ಟ್ಯಾಂಕಿನ ಮೇಲಿಂದ ಕಾಗೆ ಇಳಿದೇಬಿಟ್ಟಿತು. ಸೀದಾ ವಡೆಗೇ ಬಾಯಿ ಹಾಕಿತು.

"ಅರೇ, ಆ ಭೀ ಗಯಾ! ಬಂದೇಬಿಟ್ಟಿತಲ್ಲ!" ಎಂದಳು ಪ್ರೇಕ್ಷಾ.

"ಪುಣ್ಯಾತ್ಮ! ಒಂದು ಆಸೆಯೂ ಇಟ್ಟುಕೊಳ್ಳಲಿಲ್ಲ ನೋಡು," ಎಂದು ಗುರುವಪ್ಪ ಕೈಮುಗಿದ. ತಿರುಗಿ, "ಎಲೆ ಹಾಕಿ, ಎಲೆ ಹಾಕಿ," ಎಂದು ಕೂಗಿದ. ಬಂದವರೆಲ್ಲ ಹಗುರಾಗಿ ಎದ್ದರು.

ದಮಯಂತಿ ಎಡೆಯತ್ತ ಒಂದು ಹೆಜ್ಜೆ ಇಟ್ಟಳು. ಅವನಿಗೆ ತನ್ನಿಂದ ಏನೂ ಬೇಕಿರಲಿಲ್ಲ. ಯಾವ ಭಾನುವಾರದಿಂದ ಬೇಡವಾಯಿತೋ, ಅದೂ ಅವಳಿಗೆ ಗೊತ್ತಿರಲಿಲ್ಲ.

"ಎಂತ ಅವಸರ ಮಾರಾಯಾ ನಿಂಗೆ?" ಎಂದು ಅವಳು ಕಾಗೆಯನ್ನು ಬೈದಳು. ಹದಿಮೂರು ದಿನದ ಅಳು ಈಗ ಬಂತು. "ಸ್ವಲ್ಪ ನಿಲ್ಲು. ನಂಗೊಂದು ಮಾತು ಹೇಳ್ಲಿಕ್ಕುಂಟು."

ಕಾಗೆ ವಡೆ ಕಚ್ಚಿಕೊಂಡು ಹಾರಿಹೋಯಿತು.