ಎದೆಮಟ್ಟದ ಸೀರೆ

ಕೂಕಟ್‌ಪಲ್ಲಿಯಲ್ಲಿ ಒಂಬತ್ತು ಅಂತಸ್ತಿನ ಫ್ಲ್ಯಾಟು ಕಟ್ಟುವಲ್ಲಿ ನಾನು ಗೋದಾಮು ನೋಡಿಕೊಳ್ಳುವವನು. ಸಿಮೆಂಟು, ಕಬ್ಬಿಣ, ಹಗ್ಗ, ಎಲ್ಲದರ ಕೀಲಿ ನನ್ನ ಸೊಂಟದಲ್ಲಿ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಹಗ್ಗ ಇತ್ತು. ಅದನ್ನು ಕಟ್ಟಬೇಕೆಂದು ಯಾರಿಗೂ ಹೊಳೆಯಲಿಲ್ಲ, ನನಗೂ.

ಯಾದಗಿರಿ ಕಡೆಯ ಮಾಣಿಕಪ್ಪ ಆರನೇ ಅಂತಸ್ತಿನಲ್ಲಿ, ಲಿಫ್ಟಿಗೆಂದು ಬಿಟ್ಟ ಖಾಲಿ ಬಾಗಿಲೊಳಗೆ ತಲೆಯ ಮೇಲಿನ ಬುಟ್ಟಿ ಸಮೇತ ನಡೆದುಹೋದ. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದಂತೆ, ಇಂಜಿನಿಯರ್ ಸಾಹೇಬರು ಪ್ರತಿ ಬಾಗಿಲಿಗೂ ಒಂದು ಸಾಲು ಇಟ್ಟಿಗೆ ಇಡಿಸಿ, ಗೋಡೆಗೆ ಇಂಗ್ಲಿಷಿನಲ್ಲಿ ಎಚ್ಚರಿಕೆ ಬರೆಸಿದರು. ಅದನ್ನು ಓದಬಲ್ಲವರು ಅಲ್ಲಿ ಅವರೊಬ್ಬರೇ.

ಮಾಣಿಕಪ್ಪನ ದಿನಕರ್ಮ ಮುಗಿಸಿ ಅವನ ಹೆಂಡತಿ ಗುಂಡಮ್ಮ ಕೆಲಸಕ್ಕೆ ಮರಳಿದಳು, ಜೊತೆಗೆ ಮಗಳು ಸುವರ್ಣಾ. ಅಪ್ಪ ಹೊರುತ್ತಿದ್ದ ಬುಟ್ಟಿ ಈಗ ಮಗಳ ತಲೆಗೆ ಬಂತು. ಗುಂಡಮ್ಮ ಅಳಲಿಲ್ಲ. ಇಟ್ಟಿಗೆಯ ಸಾಲನ್ನು ನೋಡಿ, ಕಾಲಿನಿಂದ ಸರಿಸಿದಳು.

"ತಲಿ ಮ್ಯಾಲ ಬುಟ್ಟಿ ಇದ್ರ ಕೆಳಗ ನೋಡಾಕ ಬರೂದಿಲ್ರಿ ಅಣ್ಣಾರ. ಇಟ್ಟಂಗಿ ಎಡವಿ ಇನ್ನಾ ಲಗೂ ಬೀಳ್ತಾರ."

ಮರುದಿನ ತನ್ನ ಸೀರೆಗಳ ಗಂಟು ತಂದಳು. ಹಸಿರು, ಕೆಂಪು, ಅರಿಶಿನ ಬಣ್ಣದವು. ನನ್ನಿಂದ ಮೊಳೆ ಇಸಿದುಕೊಂಡು, ಒಂದೊಂದನ್ನೂ ಮಡಚಿ ಒಂದೊಂದು ಬಾಗಿಲಿಗೆ ಎದೆಯ ಮಟ್ಟಕ್ಕೆ ಬಿಗಿದು ಕಟ್ಟಿದಳು. "ಇನ್ನ ನಾ ಇವನ್ನ ಉಡೂದೇನೈತಿ," ಎಂದಳು. ಅವಳ ಮುಖದಲ್ಲಿ ಏನೂ ಇರಲಿಲ್ಲ, ಆಗುವುದೆಲ್ಲ ಆಗಿಹೋಗಿತ್ತು.

ಸಾಹೇಬರು ನೋಡಿ ಸಿಡುಕಿದರು. "ಇದೇನು ಧೋಬಿಘಾಟಾ? ನಾಳೆ ಫ್ಲ್ಯಾಟು ನೋಡಲು ಜನ ಬರುತ್ತಾರೆ. ಬಿಚ್ಚಿಸು."

ಹೂಂ ಎಂದೆ. ನನ್ನಂಥವನಿಗೆ ಬರುವುದು ಅದೊಂದೇ ಮಾತು. ಮೇಲಿನಿಂದ ಶುರು ಮಾಡಿದೆ. ಒಂಬತ್ತು, ಎಂಟು, ಏಳು ಬಿಚ್ಚಿ ಆರಕ್ಕೆ ಇಳಿದೆ. ಗಂಟಿಗೆ ಕೈ ಹಾಕುವಷ್ಟರಲ್ಲಿ ಸುವರ್ಣಾ ಬುಟ್ಟಿ ಹೊತ್ತು ಬಿಸಿಲಿನಿಂದ ಒಳಗಿನ ಕತ್ತಲಿಗೆ ತಿರುಗಿದಳು, ನೇರ ಬಾಗಿಲ ಕಡೆಗೇ. ಎದೆಗೆ ಸೀರೆ ತಾಗಿ ಹುಡುಗಿ ಅಲ್ಲೇ ನಿಂತಳು. ಬುಟ್ಟಿ ಮಾತ್ರ ಮುಂದಕ್ಕೆ ಹಾರಿ ಒಳಗೆ ಹೋಯಿತು.

ಬಿಚ್ಚಿದ ಮೂರನ್ನೂ ಹೋಗಿ ಮತ್ತೆ ಕಟ್ಟಿದೆ. ಸಾಹೇಬರು ಬಾಯಿಗೆ ಬಂದಂತೆ ಬೈದರು. ಆದರೆ ಬಿಚ್ಚಲು ಇನ್ನೊಬ್ಬನನ್ನು ಕಳಿಸಲಿಲ್ಲ.

ಊಟದ ಬಿಡುವಿನಲ್ಲಿ ಗುಂಡಮ್ಮ ಗೋದಾಮಿಗೆ ಬಂದಳು. ಮಗಳ ಮಾತೆತ್ತುತ್ತಾಳೆ ಎಂದುಕೊಂಡೆ.

"ಅಣ್ಣಾರ, ಬುಟ್ಟಿ ಬಿದ್ದಾಗ ನೀವು ಅಲ್ಲೇ ಇದ್ರಂತಲ್ರಿ. ಕೆಳಗ ಮುಟ್ಟಾಕ ಭಾಳ ಹೊತ್ತು ಹಿಡೀತೇನ್ರಿ?"

ಅವಳು ಕೇಳುತ್ತಿರುವುದು ಬುಟ್ಟಿಯ ವಿಷಯವಲ್ಲ ಎಂದು ತಿಳಿಯಿತು.

"ಇಲ್ಲವ್ವ," ಎಂದೆ. "ಲಗೂನ ಸಪ್ಪಳ ಬಂತು."

ಭಾಳ ಹೊತ್ತು ಹಿಡಿದಿತ್ತು.